ನೀಸಾ ವ್ಯಾನಿನ ಎರಡು ನಕ್ಷೆ

ನೋವಾ ಹುತಾ
೧೯ ಮೇ ೨೦೨೪, ಭಾನುವಾರ

ಪ್ರೀತಿಯ ಝೆನೊನ್,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿನ್ನ ಹುಬ್ಬು ಮೇಲೇರಿರುತ್ತದೆ. ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನೀನು ಮನೆ ಬಿಟ್ಟು ಒಂಬತ್ತು ವರ್ಷವಾಗುತ್ತ ಬಂತು. ಇಷ್ಟರಲ್ಲಿ ನಾನು ನಿನಗೆ ಬರೆದದ್ದು ಎರಡೇ ಕಾಗದ, ಎರಡರಲ್ಲೂ ಸೇರಿ ಹತ್ತು ಸಾಲಿರಲಿಲ್ಲ. ಈ ಸಲ ಉದ್ದವಾಗುತ್ತದೆ, ಕನ್ನಡಕ ಹಾಕಿಕೊಂಡು ಕೂತುಕೋ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಕಿತ್ತಾಡುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ತಾರ್ನುವಿನಲ್ಲಿ ನಿನ್ನ ತಂಗಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳಂತೆ, ಬೆನ್ನುನೋವು ಈಗ ಪರವಾಗಿಲ್ಲವಂತೆ. ಕೇಳಿ ಸಮಾಧಾನವಾಯಿತು.

ವಿಷಯ ನಮ್ಮ ನೀಸಾ ವ್ಯಾನಿನದು. ಕಾರ್ಖಾನೆಯವರ ತೋಟಗಳ ಸಂಘದಲ್ಲಿ ಹೊಸ ಅಧ್ಯಕ್ಷಿಣಿ ಬಂದಿದ್ದಾಳೆ. ಎಲ್ಲರ ಬೇಲಿಗೂ ನೋಟೀಸು ಅಂಟಿಸಿದ್ದಾಳೆ: ತೋಟದಲ್ಲಿ ನಿಂತಿರುವ ವಾಹನಗಳೆಲ್ಲ ಜುಲೈ ಮುಗಿಯುವುದರೊಳಗೆ ಹೊರಗೆ ಹೋಗಬೇಕು, ಇಲ್ಲದಿದ್ದರೆ ಸಂಘವೇ ಎಳೆದು ಗುಜರಿಗೆ ಹಾಕುತ್ತದೆ. ನೀನು ಹೋದ ಮೇಲೆ ನೀಸಾದಲ್ಲಿ ನಾನು ಕುಂಟೆ, ಗುದ್ದಲಿ, ಆಲೂಗಡ್ಡೆ ಚೀಲ ಇಡುತ್ತಿದ್ದೆ. ಹೋದರೆ ಹೋಗಲಿ ಎಂದುಕೊಂಡೆ. ಚೀಲಗಳನ್ನು ಇಳಿಸಲು ಹೋದವಳು ಸುಮ್ಮನೆ ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತೆ, ಥರ್ಮಾಸಿನ ಚಹಾ ಮುಗಿಯುವವರೆಗೂ ಕೂತಿದ್ದೆ. ಹದಿನಾಲ್ಕು ಬೇಸಿಗೆ ನಾನು ಅದೇ ಸೀಟಿನಲ್ಲಿ ಕೂತು, ನೀನು ಕೆಳಗೆ ಅಂಗಾತ ಮಲಗಿ "ಹದಿಮೂರರ ಸ್ಪ್ಯಾನರ್ ಕೊಡೇ" ಅಂದಾಗ ಕೊಡುತ್ತಿದ್ದೆನಲ್ಲ, ಈಗ ಕೆಳಗಿನಿಂದ ಯಾರೂ ಏನೂ ಕೇಳಲಿಲ್ಲ. ಮನೆಗೆ ಬಂದು ಗ್ರಾಫ್ ಹಾಳೆ ಹುಡುಕಿದೆ.

ಹೌದು, ಅದನ್ನು ನಾನೇ ಸರಿಮಾಡುತ್ತೇನೆ. ನಗು, ನಕ್ಕು ಮುಗಿಸು.

ಮೂವತ್ತು ವರ್ಷ ಉಕ್ಕಿನ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೂತವಳು ನಾನು. ನಿನ್ನ ಹಾಗೆ ಕಣ್ಣಳತೆಯಲ್ಲಿ ಕೆಲಸ ಶುರುಮಾಡುವವಳಲ್ಲ. ಮೂರು ತಿಂಗಳಿಂದ ಬರೀ ಓದು, ಅಳತೆ, ವಿಚಾರಣೆ. ಸ್ಕ್ರೂಡ್ರೈವರ್ ಹಿಡಿದು ಇಡೀ ವ್ಯಾನಿನ ತಗಡನ್ನು ಚುಚ್ಚಿ ನೋಡಿದೆ. ಎಲ್ಲಿ ತೂರಿತೋ ಅಲ್ಲಿ ಕೆಂಪು ಸೀಮೆಸುಣ್ಣದ ಗುರುತು. ಬಾಗಿಲ ಕೆಳಗಿನ ಪಟ್ಟಿ ಎರಡೂ ಕಡೆ ಹೋಗಿದೆ, ಹಿಂದಿನ ಚಕ್ರದ ಕಮಾನು ಹೋಗಿದೆ, ಅಡಿಯ ಚಾಸಿ ಚೌಕಟ್ಟು ಮಾತ್ರ ಗಟ್ಟಿ. ಇಷ್ಟೊಂದು ತುಕ್ಕು ಎಲ್ಲಿಂದ ಬಂತು ಎಂದು ಒಳಗಿನ ಹಲಗೆ ಬಿಚ್ಚಿದರೆ ಸಿಕ್ಕಿದ್ದೇನು ಹೇಳು? ಥರ್ಮೋಕೋಲು! ನಮ್ಮ ಕಟ್ಟಡದ ಗೋಡೆಗಳಿಗೆ ಚಳಿ ತಡೆಯಲು ಹೊದಿಸಿದಾಗ ಉಳಿದ ತುಂಡುಗಳನ್ನು ನೀನು ಹೊತ್ತುಕೊಂಡು ಹೋದದ್ದು ನೆನಪಾಯಿತು. ಮನೆಗೆ ಒಳ್ಳೆಯದಾದರೆ ವ್ಯಾನಿಗೂ ಒಳ್ಳೆಯದು ಎಂದು ಅಂಟಿಸಿಬಿಟ್ಟೆ. ಈ ಊರಿನ ಗಂಡಸರೆಲ್ಲ ಮಾಡಿದ್ದು ಅದನ್ನೇ ಅಂತೆ, ನೀನೊಬ್ಬನೇ ಅಲ್ಲ. ತಗಡಿಗೂ ಥರ್ಮೋಕೋಲಿಗೂ ನಡುವೆ ಉಸಿರಿನ ತೇವ ಕಟ್ಟಿಕೊಂಡು, ಹೊರಗೆ ಹೋಗಲು ದಾರಿಯಿಲ್ಲದೆ, ವರ್ಷಗಟ್ಟಲೆ ಒಳಗೊಳಗೇ ತಿಂದಿದೆ.

ಅದನ್ನೆಲ್ಲ ಕೆರೆದು ತೆಗೆಯಲು ಜೊತೆಗೆ ಬಂದವನು ಪಕ್ಕದ ತೋಟದ ಮಾಚ್ಯುಶೆಕ್. ಬೆಚ್ಚಿಬೀಳಬೇಡ, ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಂದು ಮಾತು ಹೇಳಲೇಬೇಕು. ನಿನ್ನ ಎಡಗೈಯ ಕಿರುಬೆರಳು ಪ್ರೆಸ್ಸಿಗೆ ಸಿಕ್ಕಿ ಅರ್ಧ ಹೋಗಿದೆ. ಆದರೂ ನೀನು ಅಳೆಯುವುದು ಅದೇ ಕೈಯ ಗೇಣಿನಲ್ಲಿ. ಟೇಪು ಹಿಡಿದು ನೋಡಿದೆ: ನೀನು ಮಾಡಿದ ಕಪಾಟು, ಡಬ್ಬಿ, ಮೇಜು, ಎಲ್ಲವೂ ಗೇಣಿಗೆ ಎರಡೆರಡು ಸೆಂಟಿಮೀಟರ್ ಕಡಿಮೆ. ಕಪಾಟಿನ ಬಾಗಿಲು ಯಾವತ್ತೂ ಸರಿಯಾಗಿ ಮುಚ್ಚದ್ದಕ್ಕೆ ಹದಿನಾಲ್ಕು ವರ್ಷ ಮರವನ್ನು ಬೈದೆಯಲ್ಲ, ಪಾಪದ ಮರ! ಈ ಲೆಕ್ಕ ಗೊತ್ತಾದ ದಿನ ವ್ಯಾನಿನಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ನಕ್ಕು ಆದ ಮೇಲೆ ಆ ಕೈಯನ್ನು ಒಂದು ಸಲ ಹಿಡಿಯಬೇಕು ಅನ್ನಿಸಿತು. ಬರೆಯುತ್ತಿದ್ದೇನೆ, ಏಕೆಂದರೆ ಎದುರಿಗಿದ್ದರೆ ಹೇಳುವುದಿಲ್ಲ.

ಉಳಿದದ್ದು ಎಂಜಿನ್. ಮುಂದಿನ ಮುಚ್ಚಳ ಎತ್ತಿದರೆ ಕಳುವಾದ ಎಂಜಿನ್ನಿನ ಜಾಗದಲ್ಲಿ ಹುಲ್ಲು ಬೆಳೆದಿದೆ. ತಿಂಗಳ ಕೊನೆಯ ಭಾನುವಾರ ಹಳೆಯ ವಾಹನದವರು ಕ್ರೀಡಾಂಗಣದ ಹತ್ತಿರ ಸೇರುತ್ತಾರೆ. ಅಲ್ಲಿಗೆ ಹೋದೆ. ಎಲ್ಲರೂ ಗಂಡಸರು, ಎಲ್ಲರ ಹೊಟ್ಟೆಯೂ ಬೆಲ್ಟಿನ ಹೊರಗೆ. ಒಬ್ಬ "ಏನಮ್ಮಾ, ಮೊಮ್ಮಗನಿಗೆ ಆಟಿಕೆ ಹುಡುಕ್ತಿದೀರಾ?" ಅಂದ. ನಾನು ನನ್ನ ನಕ್ಷೆಯನ್ನು ಅವನ ಕಾರಿನ ಮೇಲೆ ಬಿಡಿಸಿಟ್ಟೆ. ಆಮೇಲೆ ಕಾಫಿ ತಂದುಕೊಟ್ಟವನೂ ಅವನೇ. ಅವರಲ್ಲಿ ಹಿರಿಯನೊಬ್ಬನಿದ್ದ, ಪ್ರೊಕೋಪ್ ಅಂತ. ಅವನು ಹೇಳಿದ: "ಆ ಕಾಲದ ಎಂಜಿನ್ ಬೇಕಂದ್ರೆ ವ್ಯಾನ್ ಹಿಂದೆ ಬೀಳ್ಬೇಡಿ ಅಮ್ಮಾ. ಬೆಟ್ಟದ ಹಳ್ಳಿಗಳ ಕಡೆ ವಿಚಾರಿಸಿ. ಅಲ್ಲಿನ ರೈತರು ಅದನ್ನ ಹಾಕ್ಕೊಂಡು ಕೈಯಾರೆ ಟ್ರಾಕ್ಟರ್ ಮಾಡ್ಕೊಂಡಿದಾರೆ. ನೀಸಾ ಸಾಯುತ್ತೆ, ಎಂಜಿನ್ ಹುಲ್ಲು ಎಳೀತಾ ಇರುತ್ತೆ."

ಆ ಮನೆ-ಟ್ರಾಕ್ಟರುಗಳವರದೇ ಒಂದು ಇಂಟರ್ನೆಟ್ ಪುಟವಿದೆ. ಅಲ್ಲಿ ನಾನು ಎಂಜಿನ್ ಬೇಕು ಎಂದು ಬರೆಯಲಿಲ್ಲ. ನಮ್ಮ ಎಂಜಿನ್ನಿನ ನಂಬರು ಬರೆದೆ. ಹನ್ನೊಂದು ದಿನ ಏನೂ ಇಲ್ಲ. ಹನ್ನೆರಡನೆಯ ದಿನ ನೊವಿ ತಾರ್ಗಿನ ಆಚೆಯ ಹಳ್ಳಿಯಿಂದ ವಾಲೆಂತಿ ಎಂಬ ರೈತ ಒಂದು ಫೋಟೋ ಹಾಕಿದ. ಎಣ್ಣೆಜಿಡ್ಡು ಒರೆಸಿದ ಕಬ್ಬಿಣ, ಅದರ ಮೇಲೆ ನಮ್ಮದೇ ಏಳು ಅಂಕಿ. ಮಂಗಳವಾರ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೇನೆ.

ಕಳುವಾದ ಎಂಜಿನ್ ಟ್ರಾಕ್ಟರಿನಲ್ಲಿರಬಹುದು ಎಂದು ನನಗೆ ಹೇಗೆ ಹೊಳೆಯಿತು ಎಂದು ನೀನು ಕೇಳುತ್ತೀಯ. ಕೇಳಬೇಕಾದದ್ದೇ. ಆದರೆ ಮೊದಲು ನಕ್ಷೆಯ ವಿಷಯ ಮುಗಿಸುತ್ತೇನೆ. ಹಿಂದೇಟು ಹಾಕುತ್ತಿದ್ದೇನೆ, ನನಗೂ ಗೊತ್ತು.

ಒಂದಕ್ಕೆ ಹತ್ತರ ಅಳತೆಯಲ್ಲಿ ಎರಡು ನಕ್ಷೆ ಮಾಡಿದ್ದೇನೆ. ಮೊದಲನೆಯದರಲ್ಲಿ ಹಾಸಿಗೆಯ ಅಗಲ ಎಪ್ಪತ್ತು ಸೆಂಟಿಮೀಟರ್. ಒಬ್ಬರಿಗೆ ಸಾಕು. ಪಕ್ಕದಲ್ಲಿ ಒಲೆ, ಬಟ್ಟೆ ಕಪಾಟು, ಓದಲು ಒಂದು ಮೂಲೆ, ಓಡಾಡಲು ಜಾಗ. ಎಲ್ಲವೂ ಚೊಕ್ಕ. ಎರಡನೆಯದರಲ್ಲಿ ಹಾಸಿಗೆಯ ಅಗಲ ನೂರ ಮೂವತ್ತು. ಅದನ್ನು ಹಾಕಿದರೆ ಎಲ್ಲವೂ ಏರುಪೇರು: ಒಲೆ ಹಿಂಬಾಗಿಲಿಗೆ ಹೋಗಬೇಕು, ಕಪಾಟು ತಲೆಯ ಮೇಲೆ ಬರಬೇಕು, ನಿನ್ನ ಕಾಲು ಚಕ್ರದ ಕಮಾನಿಗೆ ತಾಗುತ್ತದೆ. ನಕ್ಷೆಯಾಗಿ ನೋಡಿದರೆ ಕೆಟ್ಟ ನಕ್ಷೆ. ವಿಭಾಗದಲ್ಲಿ ಹೊಸಬರು ತಂದಿದ್ದರೆ ವಾಪಸು ಕಳಿಸುತ್ತಿದ್ದೆ. ಆದರೂ ದಿನಾ ಬಿಡಿಸಿ ನೋಡುವುದು ಅದನ್ನೇ. ಎರಡೂ ಇನ್ನೂ ಪೆನ್ಸಿಲಿನಲ್ಲಿವೆ. ನಮ್ಮಲ್ಲಿ ಪದ್ಧತಿ ನಿನಗೆ ಗೊತ್ತಲ್ಲ, ಮೂಲೆಯ ಚೌಕದಲ್ಲಿ "ಬರೆದವರು" ಮತ್ತು "ಪರಿಶೀಲಿಸಿದವರು" ಎಂಬ ಎರಡು ಸಹಿ ಬೀಳದೆ ಯಾವ ನಕ್ಷೆಯೂ ಕಾರ್ಖಾನೆಗೆ ಇಳಿಯುವುದಿಲ್ಲ.

ಈಗ ಆ ಮಾತು. ಎಂಜಿನ್ನನ್ನು ಕಳ್ಳರು ಒಯ್ಯಲಿಲ್ಲ, ಝೆನೊನ್. ನಾನು ಕೊಟ್ಟೆ.

ಅದು ಎರಡು ಸಾವಿರದ ಹದಿನೈದರ ಏಪ್ರಿಲ್. ನೀನು ಬೆನ್ನಿನ ಚಿಕಿತ್ಸೆಗೆಂದು ಮೂರು ವಾರ ಆರೋಗ್ಯಧಾಮದಲ್ಲಿದ್ದೆ. ನಾನು ಆಗಷ್ಟೇ ನಿವೃತ್ತಿಯಾಗಿ, ಈ ಸಲವಾದರೂ ವ್ಯಾನಿನಲ್ಲಿ ವಾರ್ನಾದ ಸಮುದ್ರತೀರಕ್ಕೆ ಹೋಗಿಯೇ ಹೋಗುತ್ತೇವೆ ಎಂದು ಈಜುಡುಪು ಕೊಂಡು ತಂದಿದ್ದೆ. ಐವತ್ತೆಂಟರ ಹೆಂಗಸು, ಕನ್ನಡಿ ಮುಂದೆ ನಿಂತು ಹಾಕಿಕೊಂಡೂ ನೋಡಿದ್ದೆ. ಅದೇ ದಿನ ನಿನ್ನ ಕಾರ್ಡು ಬಂತು. "ಈ ಬೇಸಿಗೆಗೆ ಆಗೋದಿಲ್ಲ ಕಣೇ, ಗೇರ್‌ಬಾಕ್ಸ್ ಸರಿಯಿಲ್ಲ. ಮುಂದಿನ ವರ್ಷ ಖಂಡಿತ." ಅದು ಹದಿನಾಲ್ಕನೆಯ ಖಂಡಿತ. ಗುಜರಿಯವನಿಗೆ ಫೋನ್ ಮಾಡಿದೆ. ಅವನು ಎಂಜಿನ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ, ಹದಿಮೂರರ ಸ್ಪ್ಯಾನರ್ ನಾನೇ ಕೊಟ್ಟೆ. ಟ್ರಾಕ್ಟರಿಗೆ ಬೇಕು ಎಂದವರಿದ್ದಾರೆ ಎಂದು ಅವನೇ ಹೇಳಿದ್ದ.

ನೀನು ಬಂದು ಮುಚ್ಚಳ ಎತ್ತಿ ನಿಂತಾಗ ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಬಾಯಿಂದ ಬಂದದ್ದು "ಕಳ್ಳರು". ಮಾಚ್ಯುಶೆಕ್‌ನ ಹತ್ತಿರ ನಮ್ಮ ಗೇಟಿನ ಬೀಗದ ಕೈ ಇತ್ತು, ಭಾರ ಎತ್ತುವ ಸರಪಳಿಯೂ ಇತ್ತು. ನೀನು ಅವನನ್ನು ಬೇಲಿಯ ಮೇಲಿಂದ ಕಳ್ಳ ಎಂದು ಕೂಗಿದೆ. ನಾನು ಟೊಮೆಟೊ ಸಸಿಗೆ ನೀರು ಹಾಕುತ್ತಲೇ ಇದ್ದೆ. ಅಕ್ಟೋಬರಿನಲ್ಲಿ ನೀನು ಚೀಲ ಹೆಗಲಿಗೇರಿಸಿ ಹೊರಟೆ. ವ್ಯಾನಿಲ್ಲದ ಮೇಲೆ ಈ ಮನುಷ್ಯನಿಗೆ ನನ್ನಲ್ಲಿ ಏನು ಕೆಲಸ ಎಂದುಕೊಂಡೆ. ಇಷ್ಟು ವರ್ಷವೂ ಹಾಗೆಂದುಕೊಂಡೇ ಬದುಕಿದೆ, ನಿನ್ನ ಮೇಲಿನ ಸಿಟ್ಟನ್ನು ಆರಲು ಬಿಡದೆ. ಸಿಟ್ಟು ಆರಿದರೆ ನಾಚಿಕೆಯೊಂದೇ ಉಳಿಯುತ್ತಿತ್ತು.

ಮಾಚ್ಯುಶೆಕ್‌ಗೆ ಕಳೆದ ವಾರ ಹೇಳಿದೆ, ಇಬ್ಬರೂ ಕೂತು ಥರ್ಮೋಕೋಲು ಕೆರೆಯುವಾಗ. ಅವನು ಕೈಯಲ್ಲಿದ್ದ ತುಂಡನ್ನು ಪೂರ್ತಿ ಕೆರೆದು ಮುಗಿಸಿದ. ಆಮೇಲೆ, "ತಂಗಿ ಮನೆಗೆ ಅಂತ ಒಯ್ದ ನನ್ನ ಏಣೀನ ಒಂಬತ್ತು ವರ್ಷದಿಂದ ಇಟ್ಕೊಂಡಿದಾನೆ ನಿನ್ನ ಗಂಡ. ಕಳ್ಳ ಯಾರು ಅಂತ ಈಗ ಹೇಳು!" ಅಂದ. ಕಣ್ಣು ಒರೆಸಿಕೊಂಡದ್ದು ಧೂಳಿಗಂತೆ. ಹೊರಡುವಾಗ ಹೇಳಿದ್ದು ಒಂದೇ ಮಾತು: "ನನಗೆ ಹೇಳಿದ್ದು ಸಾಕು. ಅವನಿಗೆ ಬರಿ."

ಅದಕ್ಕೇ ಬರೆದೆ. ಕ್ಷಮಿಸು ಎಂದು ಕೇಳುತ್ತೇನೆ, ಕ್ಷಮಿಸಲೇಬೇಕು ಎನ್ನುವುದಿಲ್ಲ. ಒಂದು ಉತ್ತರ ಹಾಕು, ಸಾಕು: ಹಾಸಿಗೆ ಎಪ್ಪತ್ತೋ, ನೂರ ಮೂವತ್ತೋ. ಬರೀ ಅಂಕಿ ಬರೆದರೂ ನನಗೆ ಅರ್ಥವಾಗುತ್ತದೆ. ನೀನಿಲ್ಲದೆ ಸಮುದ್ರ ನೋಡಲು ನನಗೆ ಇಷ್ಟವಿಲ್ಲ, ಆದರೆ ನೋಡದೆ ಸಾಯಲೂ ಇಷ್ಟವಿಲ್ಲ.

ಇನ್ನೂ ನಿನ್ನ ಮನೆತನದ ಹೆಸರಿನಲ್ಲೇ ಸಹಿ ಹಾಕುವ,
ಲುದ್ವಿಕಾ

ತಾ.ಕ.: ಬುಧವಾರ. ಕಾಗದವನ್ನು ಸೋಮವಾರವೇ ಅಂಚೆಗೆ ಹಾಕಬೇಕಿತ್ತು, ಧೈರ್ಯ ಸಾಲದೆ ಚೀಲದಲ್ಲೇ ಇಟ್ಟುಕೊಂಡು ಹಳ್ಳಿಗೆ ಹೋದೆ. ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ತಿದ್ದಿಲ್ಲ. ಅದನ್ನು ಏನೂ ಗೊತ್ತಿಲ್ಲದೆ ಬರೆದೆ ಎಂದು ನೀನು ನಂಬಬೇಕು.

ವಾಲೆಂತಿ ಟ್ರಾಕ್ಟರ್ ಚಾಲೂ ಮಾಡಿ ತೋರಿಸಿದ. ಒಂದೇ ತಿರುವಿಗೆ ಹತ್ತಿಕೊಂಡಿತು. ಇಷ್ಟು ಹಳೆಯ ಎಂಜಿನ್ ಇಷ್ಟು ನಯವಾಗಿ ಓಡುವುದು ಹೇಗೆ ಎಂದುಕೊಳ್ಳುತ್ತಿರುವಾಗ ಸೀಟಿನ ಕೆಳಗಿನ ಮರದ ಸಲಕರಣೆ ಪೆಟ್ಟಿಗೆ ಕಣ್ಣಿಗೆ ಬಿತ್ತು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಚೀಲದಿಂದ ಟೇಪು ತೆಗೆದೆ. ಮೂರು ಗೇಣಿನ ಪೆಟ್ಟಿಗೆ, ಆರು ಸೆಂಟಿಮೀಟರ್ ಕಡಿಮೆ.

"ಇದನ್ನ ಮಾಡಿದ್ಯಾರು?" ಅಂದೆ. ವಾಲೆಂತಿ ಹೇಳಿದ: "ಒಬ್ರು ಮೆಕ್ಯಾನಿಕ್ ಬರ್ತಾರಕ್ಕ, ತಾರ್ನುವ್ ಕಡೆಯೋರು. ಉದ್ದನೆ ಮನುಷ್ಯ, ಕಿರುಬೆರಳು ಅರ್ಧ. ಎಂಜಿನ್ ಹುಡ್ಕೊಂಡು ಮೊದಲು ಬಂದಿದ್ದು ಹದಿನೈದರ ಸೆಪ್ಟೆಂಬರಲ್ಲಿ. ಕಿತ್ಕೊಂಡು ಹೋಗ್ತಾರೇನೋ ಅಂತ ನಾನು ಹೆದರಿದ್ದೆ. ಅವರು ಎಣ್ಣೆ ಬದಲಾಯಿಸಿ ಹೋದ್ರು. ಆವತ್ತಿಂದ ಪ್ರತಿ ವರ್ಷ, ಹುಲ್ಲು ಕೊಯ್ಯೋಕೆ ಮುಂಚೆ, ಜೂನ್ ಮೊದಲನೇ ಶನಿವಾರ ತಪ್ಪಲ್ಲ. ಇದು ನಿಮ್ದಾ ಅಂತ ಒಂದ್ಸಲ ಕೇಳ್ದೆ. 'ನನ್ನ ಹೆಂಡ್ತೀದು. ಅವಳೇ ಕೇಳ್ಕೊಂಡು ಬರ್ತಾಳೆ, ಅಲ್ಲಿವರೆಗೂ ಓಡ್ತಾ ಇರ್ಲಿ, ನಿಲ್ಸಿದ್ರೆ ತುಕ್ಕು ಹಿಡಿಯುತ್ತೆ' ಅಂದ್ರು. ನೀವೇನಾ ಅಕ್ಕ ಅದು? ಬಾಳ ತಡ ಮಾಡಿದ್ರಿ ಬಿಡಿ."

ಕೊಟ್ಟವಳು ನಾನೇ ಎಂದು ಸೆಪ್ಟೆಂಬರಿನಲ್ಲೇ ನಿನಗೆ ಗೊತ್ತಾಗಿ, ಅಕ್ಟೋಬರಿನಲ್ಲಿ ನೀನು ಹೊರಟೆ. ನಡುವಿನ ಒಂದು ತಿಂಗಳು ನಾನು ಹೇಳುತ್ತೇನೇನೋ ಎಂದು ಕಾದೆ ಅಲ್ಲವೇ? ದಿನಾ ಎದುರಿಗೆ ಕೂತು ನಿನಗೆ ಸೂಪು ಬಡಿಸಿದೆ, ಹೇಳಲಿಲ್ಲ.

ಬರುವ ಶನಿವಾರವಲ್ಲ, ಅದರ ಮುಂದಿನ ಶನಿವಾರ ಜೂನ್ ಒಂದು. ವಾಲೆಂತಿಯ ಅಂಗಳದಲ್ಲಿ ನಾನು ಬೆಳಗಿನಿಂದಲೇ ಇರುತ್ತೇನೆ. ಎಪ್ಪತ್ತರ ನಕ್ಷೆಯನ್ನು ಒಲೆಗೆ ಹಾಕಿದೆ. ನೂರ ಮೂವತ್ತರದ್ದಕ್ಕೆ ನಿನ್ನೆ ರಾತ್ರಿ ಶಾಯಿ ಹಚ್ಚಿ "ಬರೆದವರು" ಎಂಬಲ್ಲಿ ಸಹಿ ಮಾಡಿದ್ದೇನೆ. ಪಕ್ಕದ ಚೌಕ ಖಾಲಿ ಇದೆ. ಮಾಚ್ಯುಶೆಕ್‌ನ ಏಣಿಯನ್ನು ಮರೆಯದೆ ತಾ. ಪೆನ್ನು ನಾನು ತರುತ್ತೇನೆ.