ಗೋಡೆಯಾಚೆ ಕೇಳಿದ ರೊಟ್ಟಿಯ ಸಪ್ಪಳ

೧೪ ಜುಲೈ, ಸೋಮವಾರ. ನವಲಗುಂದ.

ಹಂಚಿಗೆ ತಾಗಿ ಸುಟ್ಟ ಬೆರಳು ಇನ್ನೂ ಉರಿಯುತ್ತಿದೆ. ಪೆನ್ನು ನೆಟ್ಟಗೆ ಹಿಡಿಯಲಾಗುತ್ತಿಲ್ಲ. ಆದರೂ ಇದನ್ನು ಬರೆಯದೆ ಮಲಗುವುದಿಲ್ಲ.

ನಾನು ನಿವೃತ್ತನಾದ ತಿಂಗಳೇ ಹೆಂಡತಿ ಊರ್ಮಿಳಾಗೆ ಅಣ್ಣಿಗೇರಿ ಶಾಲೆಗೆ ವರ್ಗವಾಯಿತು. ಮುಂಜಾನೆ ಏಳರ ಬಸ್ಸಿಗೆ ಹೊರಡುತ್ತಾಳೆ. "ರೊಟ್ಟಿ ಅಂಗಡ್ಯಾಗಿಂದ ತರ್ರಿ" ಎಂದಳು. ಮೂವತ್ತೆರಡು ವರ್ಷ ಗಣಿತ ಕಲಿಸಿದವನಿಗೆ ಒಂದು ರೊಟ್ಟಿ ಬಡಿಯಲು ಬಾರದೇ ಎಂದು ಹಟ ಹಿಡಿದೆ.

ಬರಲಿಲ್ಲ. ಬಾಜು ಮನೆಯ ಶಿವಗಂಗವ್ವನ ಅಡಿಗೆಮನೆಗೂ ನಮ್ಮದಕ್ಕೂ ಒಂದೇ ಗೋಡೆ. ಸಪ್ಪಳ ಕೇಳಿಯೇ ಆಕೆ ತಪ್ಪು ಹಿಡಿಯುತ್ತಿದ್ದಳು: "ಮಾಸ್ತರ, ರೊಟ್ಟಿ ತಿರಗವಲ್ದು. ಕೆಳಗ ಒಣಹಿಟ್ಟು ಹಾಕ್ರಿ." ಎರಡು ವಾರ ಹರಕು ರೊಟ್ಟಿ ಉಂಡೆವು. ಊರ್ಮಿಳಾ ಚೂರುಗಳನ್ನು ಜೋಡಿಸಿಕೊಂಡು ಉಂಡಳು, ಅದೇ ಹೆಚ್ಚು ಚುಚ್ಚಿತು.

ಇಂದು ಹತ್ತು ಗಂಟೆಗೆ ಬಡಿಯಲು ಕೂತೆ. ಅಂಗೈ ಕೆಳಗೆ ರೊಟ್ಟಿ ತಾನಾಗಿ ತಿರುಗತೊಡಗಿತು. ಅಂಚು ಹರಿಯಲಿಲ್ಲ. ಮೂರನೆಯದನ್ನು ಬಡಿಯುವಾಗ ಗೋಡೆಯಾಚೆಯಿಂದ ಶಿವಗಂಗವ್ವ ಕೇಳಿದಳು:

"ಊರ್ಮಿಳಾಬಾಯಿ, ಇವತ್ತ ಸಾಲಿಗಿ ರಜಾ ಏನ್ರಿ?"

ಇನ್ನೊಂದು ಉಂಡೆ ತೆಗೆದುಕೊಂಡು ಬಡಿದೆ, ಸ್ವಲ್ಪ ಜೋರಾಗಿಯೇ.