ಸುಗುಣಳಿಗೆ ಅಣ್ಣ ಇಲ್ಲ

೧೨ ಜೂನ್ ೨೦೦೮, ಗುರುವಾರ. ಮೈಲಾಪೂರ್

ಊಟ ಸೇರಲಿಲ್ಲ.

ಗಂಡನ ಹೊಡೆತ ತಾಳಲಾರದೆ ನಮ್ಮ ಸಂಸ್ಥೆಗೆ ಫೋನ್ ಮಾಡುವವರಲ್ಲಿ ಕನ್ನಡದವರಿದ್ದರೆ ಕರೆ ನನಗೇ ಕೊಡುತ್ತಾರೆ. ಹೋದ ತಿಂಗಳಿಂದ ಕರೆಗಳೆಲ್ಲ ಇಂಟರ್ನೆಟ್ಟಿನ ಮೂಲಕ ಬಂದು ಕಂಪ್ಯೂಟರಿನಲ್ಲೇ ರೆಕಾರ್ಡ್ ಆಗುತ್ತವೆ. ಸೋಮವಾರ ತಾಂಬರಂನಿಂದ ಸುಗುಣ ಮಾತಾಡಿದ್ದಳು. ಇವತ್ತು ಮಧ್ಯಾಹ್ನ ಒಬ್ಬ ಗಂಡಸು. ತುಂಬ ಮೆತ್ತಗಿನ ಮಾತು.

"ನಾನು ಸುಗುಣನ ಅಣ್ಣ. ಅವಳು ಮಾತಾಡಿದ್ದು ರೆಕಾರ್ಡ್ ಆಗಿರುತ್ತಲ್ಲ, ಸ್ವಲ್ಪ ಕೇಳಿಸ್ತೀರಾ?"

"ಅದನ್ನ ಯಾರಿಗೂ ಕೇಳಿಸಲ್ಲ ಸಾರ್. ನಿಮ್ಮ ಬಗ್ಗೆ ಅವರೇನೂ ಹೇಳಿಲ್ಲ."

"ಹಾಗಾದ್ರೆ ಫೋನ್ ಮಾಡಿದ್ದು ನಿಜ," ಅಂದು ಇಟ್ಟುಬಿಟ್ಟ.

ಸೋಮವಾರದ ರೆಕಾರ್ಡಿಂಗ್ ಹಾಕಿದೆ. ಅದರಲ್ಲೇ ಹೇಳಿದ್ದಾಳೆ: "ನಾನು ಒಬ್ಬಳೇ ಮಗಳು ಅಕ್ಕಾ. ಮಾಡೋದಾದ್ರೆ ಕೆಳಗಿನ ಮನೆ ಟೈಲರಮ್ಮನ ನಂಬರಿಗೆ ಮಾಡಿ." ಮೂರು ದಿನದಲ್ಲಿ ನಾನು ಮರೆತಿದ್ದೆ.

ಇವತ್ತಿನ ಕರೆಯನ್ನು ಅಳಿಸಿಬಿಡಲೇ ಅಂತ ಒಂದು ಗಳಿಗೆ ಅನ್ನಿಸಿತು. ಅಳಿಸದೆ ನಮ್ಮ ಮುಖ್ಯಸ್ಥೆ ಅಂಬುಜಾ ಮೇಡಂಗೆ ಕೇಳಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಕ್ಷಣ ಟೈಲರಮ್ಮನಿಗೆ ಫೋನ್ ಮಾಡಿದರು.

ಆಕೆ ತಮಿಳಿನಲ್ಲಿ ಹೇಳಿದ್ದು ಇಷ್ಟು: ಗಂಡ ಹೆಂಡತಿ ಈಗಷ್ಟೇ ಆಟೋ ಹತ್ತಿ ಹೋದರು, ಅವಳು ತಲೆ ಎತ್ತಿ ನೋಡಲಿಲ್ಲ.

ಮೇಡಂ ಪೊಲೀಸರಿಗೆ ತಿಳಿಸಿದರು. ಪೊಲೀಸರು ಹೋದಾಗ ಮನೆಗೆ ಬೀಗ. ರಾತ್ರಿ ಎಂಟು ಗಂಟೆಗೂ ಬೀಗ ಹಾಗೇ ಇತ್ತಂತೆ. ಬೆಳಿಗ್ಗೆ ಮೊದಲ ರೈಲಿಗೆ ನಾವಿಬ್ಬರೂ ತಾಂಬರಂಗೆ ಹೋಗುತ್ತೇವೆ. ಯಾರನ್ನು ಕೇಳುವುದು, ಎಲ್ಲಿ ಅಂತ ಹುಡುಕುವುದು, ಅವಳ ಮುಖ ಕೂಡ ನಾನು ನೋಡಿದವಳಲ್ಲ.