ನೋಡು, ಅಷ್ಟೇ

ಮಾರ್ಚ್ ೩, ಬೆಳಿಗ್ಗೆ

ಜೇಡ್ ಗಿಡದ ಮಣ್ಣಿಗೆ ಬೆರಳಿಟ್ಟೆ. ಮೇಲೆ ಒಣ, ಒಳಗೆ ತೇವ. ನೀರು ಬೇಡ. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡಕ್ಕೆ ಉಪಚಾರವೇ ವಿಷ. ಕುಂಡ ಎಂದೂ ತಿರುಗಿಸಿದವನಲ್ಲ. ಕಾಂಡ ಕಿಟಕಿಯತ್ತ, ಎಡಕ್ಕೆ ವಾಲಿದೆ. ವಾಲಲಿ.

ವಾಚನಾಲಯ ಕೆಡವಿದ ದಿನ ಅಲ್ಲಿಂದ ತಂದು ನೆಟ್ಟ ಗೇಣುದ್ದದ ಕೊಂಬೆ ಇದು. ಅಲ್ಲೇ ಕಟ್ಟುವ ಹೊಸ ಕಾಂಪ್ಲೆಕ್ಸ್‌ನಲ್ಲಿ ಓದುವ ಕೋಣೆ ಕೊಡುತ್ತೇವೆ ಅಂದಿದ್ದರು. ಕೊಟ್ಟರು — ಬಟ್ಟೆ ಅಂಗಡಿ. ಊರು ಮರೆತಿದೆ. ನಾನು ಮರೆತಿಲ್ಲ. ಅಂದು ಗೇಟಿನೆದುರು ನನ್ನ ಜೊತೆ ಧರಣಿ ಕೂತವನು ಕೆಳಮನೆಯ ಪ್ರೂಫ್ ಒಬ್ಬನೇ. ಜೀವಮಾನವಿಡೀ ಅಚ್ಚಿನ ತಪ್ಪು ತಿದ್ದಿ ಆ ಹೆಸರು ಗಳಿಸಿದವನು.

ನಾಳೆ ಕಣ್ಣಿನ ಪೊರೆ ಆಪರೇಷನ್. ಆಮೇಲೆ ಅಕ್ಕನ ಮನೆ. ಬೀಗದ ಕೈ ಪ್ರೂಫ್‌ಗೆ ಕೊಟ್ಟೆ.

"ನೋಡ್ಕೋ ಅಂದ್ರೆ ನೋಡು, ಅಷ್ಟೇ. ನೀರು ಹಾಕ್ಬೇಡ."

"ಮುಟ್ಟೋದೂ ಇಲ್ಲ ಕಣಯ್ಯ. ಮೊದ್ಲು ನಿನ್ನ ಕಣ್ಣು ನೋಡ್ಕೋ."

ಮಾರ್ಚ್ ೨೬

ಬಂದೆ. ಗಿಡ ಫಳಫಳ. ಎಲೆಯಂಚು ಕೆಂಪು. ಮೊದಲು ಇರಲಿಲ್ಲವಲ್ಲ...

"ಹೊಸ ಕಣ್ಣಿಗೆ ಎಲ್ಲಾ ಹೊಸದಾಗೇ ಕಾಣುತ್ತೆ ಬಿಡು," ಅಂದ ಪ್ರೂಫ್. ನಕ್ಕೆ. ನಂಬಿದೆ.

ಮಾರ್ಚ್ ೨೮

ಕಣ್ಣಿನ ತಪ್ಪಲ್ಲ. ಕಾಂಡ ಕಂಬದ ಹಾಗೆ ನೆಟ್ಟಗಿದೆ! ಕುಂಡ ನನ್ನದು, ಗಿಡ ನರ್ಸರಿಯದು. ಕಣ್ಣಿಗೆ ಮಣ್ಣೆರಚುವುದು ಅಂದರೆ ಇದೇ. ಅದೂ ಕುಂಡದ ಮಣ್ಣು.

ಕೆಳಗಿಳಿದು ಕೇಳಿದೆ. ಪ್ರೂಫ್ ತಲೆ ಎತ್ತಲಿಲ್ಲ.

"ಕಾಂಪ್ಲೆಕ್ಸ್‌ನೋರು ಲಾಬಿ ಹೊಸದು ಮಾಡಿದ್ರು. ವಾಚನಾಲಯದ ನೆನಪಿಗೆ ಏನಾದ್ರೂ ಇದ್ರೆ ಕೊಡಿ ಅಂದ್ರು. ಅಲ್ಲಿದ್ರೆ ನಾಲ್ಕು ಜನ ನೋಡ್ತಾರೆ ಅಂತ..."

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಕೊಡ್ತಿದ್ಯಾ?"

"ಸತ್ರೂ ಕೊಡ್ತಿರ್ಲಿಲ್ಲ."

"ಅದಕ್ಕೇ ಕೇಳ್ಲಿಲ್ಲ."

ಮಾರ್ಚ್ ೨೯, ಮಧ್ಯಾಹ್ನ

ಲಾಬಿಗೆ ಹೋದೆ. ತಳದಲ್ಲಿ ತೂತಿಲ್ಲದ ಪಿಂಗಾಣಿ ಕುಂಡ. ದಿನಾ ನೀರಂತೆ. ಕೆಳಗಿನ ಎಲೆಗಳು ಹಳದಿ. ನನ್ನ ಗಿಡವೇ — ಈಗಲೂ ಎಡಕ್ಕೆ ವಾಲಿದೆ. ಅಲ್ಲಿ ಕಿಟಕಿಯಿಲ್ಲ, ಗೋಡೆ.

ಹಿತ್ತಾಳೆ ಫಲಕ: 'ವಾಚನಲಯದ ನೆನಪಿಗೆ'. ಅಡಿಯಲ್ಲಿ ಪ್ರೂಫ್‌ನ ಪೂರ್ತಿ ಹೆಸರು. ಅದರಲ್ಲಿ ಒಂದೂ ತಪ್ಪಿಲ್ಲ. ಜನ್ಮವೆಲ್ಲ ಪರರ ಕಾಗುಣಿತ ತಿದ್ದಿದವನಿಗೆ ಆ ಒಂದು ದೀರ್ಘ ಹೋದದ್ದು ಕಾಣಲಿಲ್ಲ. ಆಲಯ ಹೋಗಿ ಲಯ ಉಳಿದಿದೆ. ಇಡೀ ಕಟ್ಟಡದಲ್ಲಿ ನಿಜ ಹೇಳುವುದು ಆ ಅಚ್ಚಿನ ತಪ್ಪೊಂದೇ.

ಬುಡ ಒತ್ತಿ ನೋಡಿದೆ. ಮೆತ್ತಗೆ.

"ಸಾರ್, ಮುಟ್ಬಾರ್ದು," ಅಂದ ಸೆಕ್ಯುರಿಟಿ. "ನೋಡಿ, ಅಷ್ಟೇ."

ಏಪ್ರಿಲ್ ೪

ಪ್ರೂಫ್ ಬಾಗಿಲು ತಟ್ಟಿದ. "ತುದಿ ಕೊಂಬೆ ತಂದಿದೀನಿ ಕಣಯ್ಯ. ಕದ್ದು." ತೆರೆಯಲಿಲ್ಲ. ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಹೊಸ್ತಿಲಿಂದ ಎತ್ತಿಕೊಂಡೆ.

ಕೊಯ್ದ ಕಡೆ, ನಟ್ಟನಡುವೆ ಕಂದು. ಕೊಳೆ ಅಲ್ಲಿಗೂ ಏರಿದೆ. ಪೂರ್ತಿ ಹಸಿರು ಸಿಗುವ ತನಕ ಕೊಯ್ಯದೆ ನೆಟ್ಟರೆ ಬೇರು ಬಿಡದು. ಬ್ಲೇಡಿನಿಂದ ಒಂದು ಬಿಲ್ಲೆ ತೆಗೆದೆ. ಕಂದು. ಇನ್ನೊಂದು ತೆಗೆದೆ. ಚುಕ್ಕೆ ಸಣ್ಣದಾಗಿದೆ... ಕೊಂಬೆಯೂ. ಇನ್ನೊಂದೇ ಒಂದು ಕೊಯ್ದು ನೋಡಿದರೆ —